ಬೆಳತನಕ ನಾಟಕ

ಸುಗ್ಗಿ ಮುಗಿದು ಹೊಲಗಳು ಬೋಳಾದ ಮೇಲೆ ಧಾರವಾಡದ ಗೋಡೆಗಳು ತುಂಬಿಕೊಳ್ಳುತ್ತವೆ. ಹಳೇ ಬಸ್ ನಿಲ್ದಾಣದ ಕಂಬ, ಚಹಾದಂಗಡಿಯ ಬಾಗಿಲು, ಬೀಜ-ಗೊಬ್ಬರದಂಗಡಿಯ ಕಟ್ಟೆ, ಎಲ್ಲಿ ನೋಡಿದರೂ ಗುಲಾಬಿ, ಹಳದಿ, ತಿಳಿಹಸಿರು ಕಾಗದದ ಹ್ಯಾಂಡ್‌ಬಿಲ್ಲುಗಳು. ತುದಿಯಲ್ಲಿ ಊರ ದೇವರ ಹೆಸರು, ಅದರ ಕೆಳಗೆ ನಾಟ್ಯ ಸಂಘದ ಹೆಸರು, ಆಮೇಲೆ ದಪ್ಪಕ್ಷರದಲ್ಲಿ ನಾಟಕದ ಜೋಡಿ ಹೆಸರು, ನಡುವೆ ಒಂದು ‘ಅರ್ಥಾತ್’. ಪಾತ್ರಧಾರಿಗಳ ಪಟ್ಟಿ ಬಲು ಉದ್ದ. ಊರಿನ ಅರ್ಧ ಮನೆತನಗಳ ಅಡ್ಡಹೆಸರುಗಳು ಅದರಲ್ಲಿ ಸಿಗುತ್ತವೆ. ಹೆಣ್ಣುಮಕ್ಕಳ ಹೆಸರಿನ ಮುಂದೆ ಮಾತ್ರ ಗದಗ, ಹುಬ್ಬಳ್ಳಿ, ಇಳಕಲ್ಲು ಎಂದು ಬೇರೆ ಊರುಗಳು. ಕಟ್ಟಕಡೆಗೆ, ತಾಯಂದಿರಿಗೆ ಕೂಡಲು ಬೇರೆ ವ್ಯವಸ್ಥೆ ಇದೆ ಎಂಬ ಸೂಚನೆ. ಅಂಥದೊಂದು ಹಳದಿ ಕಾಗದ ಓದುತ್ತ ನಿಂತವನಿಗೆ ಪಕ್ಕದ ಹಿರಿಯರು ಹೇಳಿದರು: “ಓದಿದ್ರ ಏನ ತಿಳೀತೈತ್ರಿ ಸರ, ಬರ್ರಿ ನಮ್ಮೂರಿಗೆ. ಬೆಳತನಕ ನಾಟಕ ಐತಿ.” ಅವರ ಹಿಂದೆಯೇ ಹೊರಟೆ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇಪ್ಪತ್ತು ಕಿಲೋಮೀಟರಿನ ದಾರಿ. 1962ರಲ್ಲಿ ಎರಡಕ್ಕೂ ಸೇರಿ ಒಂದೇ ಮಹಾನಗರ ಪಾಲಿಕೆ ಆಗಿತ್ತು. ಈಗ ಚಿಗರಿ ಬಸ್ಸು ತನ್ನದೇ ಹಾದಿಯಲ್ಲಿ ಉಣಕಲ್ಲು, ನವನಗರ, ಸತ್ತೂರು ದಾಟಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ತಂದು ನಿಲ್ಲಿಸುತ್ತದೆ. ಆದರೆ ಧಾರವಾಡದಿಂದ ಸವದತ್ತಿ ಕಡೆ ಹೊರಳಿದೊಡನೆ ಲೋಕವೇ ಬದಲು. ಪಡುವಣಕ್ಕೆ ಅಳ್ನಾವರದತ್ತ ಹೋದರೆ ಕೆಂಪು ಮಣ್ಣು, ಭತ್ತದ ಗದ್ದೆ, ಮಾವಿನ ತೋಪು, ಕಾಡಿನ ತಂಪು. ಇತ್ತ ಅಮ್ಮಿನಬಾವಿ ದಾಟಿ ಹಾರೋಬೆಳವಡಿ, ತುಪ್ಪರಿಹಳ್ಳದ ಕಡೆ ನಡೆದರೆ ಕಣ್ಣು ಹರಿಯುವಷ್ಟೂ ಎರೆಭೂಮಿ. ಜೋಳ ಕೊಯ್ದಾಗಿತ್ತು, ಕಡಲೆ ಕಿತ್ತಾಗಿತ್ತು. ಅಲ್ಲಲ್ಲಿ ಕುಸುಬಿ ಮಾತ್ರ ತನ್ನ ಮುಳ್ಳಿನ ಜೊತೆ ನಿಂತಿತ್ತು. ಮಳೆಗಾಲದಲ್ಲಿ ಕಾಲು ಹಿಡಿದು ಎಳೆಯುವ ಈ ಕಪ್ಪು ಮಣ್ಣು ಈಗ ಬಿರುಕು ಬಿಟ್ಟು, ರೈತನನ್ನು ಕೆಲವು ವಾರಗಳ ಮಟ್ಟಿಗೆ ಬಿಡುಗಡೆ ಮಾಡಿರುತ್ತದೆ. ಜಾತ್ರೆ, ಮದುವೆ, ನಾಟಕ ಎಲ್ಲವೂ ಆ ಬಿಡುವಿನ ಫಸಲು.

ಊರು ಮುಖ್ಯರಸ್ತೆಯಿಂದ ಒಳಗಿತ್ತು. ಗುಡಿಯ ಮಗ್ಗುಲಲ್ಲಿ ಸಮುದಾಯ ಭವನ. ಮದುವೆ, ಗ್ರಾಮಸಭೆ, ರೇಷನ್ ಹಂಚಿಕೆ, ಪಲ್ಸ್ ಪೋಲಿಯೊ, ಊರಿನ ಸಕಲ ಕಾರ್ಯಕ್ಕೂ ಆ ಒಂದು ದೊಡ್ಡ ಕೋಣೆ. ಅದರ ಮುಂದಿನ ಕಟ್ಟೆಗೆ ಹಲಗೆ ಜೋಡಿಸಿ, ಬೊಂಬು ನಿಲ್ಲಿಸಿ, ಬಾಡಿಗೆಗೆ ತಂದ ಸೀನುಗಳನ್ನು ಇಳಿಬಿಟ್ಟಿದ್ದರು. ಅರಮನೆಯ ಪಡದೆಯ ಹಿಂದೆ ಕಾಡು, ಕಾಡಿನ ಹಿಂದೆ ಬೀದಿ, ಬೀದಿಯ ಹಿಂದೆ ಬಡವನ ಮನೆ. ಹಗ್ಗ ಎಳೆದರೆ ಒಂದರ ಹಿಂದೊಂದು ಸುರುಳಿ ಬಿಚ್ಚುತ್ತವೆ. ಭವನದ ಒಳಗೆ ಬಣ್ಣದ ಕೋಣೆ.

ಒಂದೂವರೆ ತಿಂಗಳಿಂದ ಇಲ್ಲಿ ರಾತ್ರಿ ಊಟವಾದ ಮೇಲೆ ತಾಲೀಮು ನಡೆದಿತ್ತಂತೆ. ಕಲಿಸಿದವರು ಪೇಟಿ ಮಾಸ್ತರರು. ಹೆಸರಿಗೆ ಹಾರ್ಮೋನಿಯಂ ಬಾರಿಸುವವರು. ನಿಜಕ್ಕೆ ಅವರೇ ನಿರ್ದೇಶಕರು, ಅವರೇ ಸಂಗೀತಗಾರರು, ಓದಲು ಬಾರದವನಿಗೆ ಮಾತು ಬಾಯಿಪಾಠ ಮಾಡಿಸುವ ಗುರುಗಳೂ ಅವರೇ. ಒಂದೇ ಸುಗ್ಗಿಯಲ್ಲಿ ನಾಲ್ಕೈದು ಊರುಗಳಿಗೆ ನಾಟಕ ಕಲಿಸಿ, ಯಾವ ಊರಿನ ಯಾವ ಹುಡುಗನ ಶ್ರುತಿ ಯಾವ ಮನೆಯದು ಎಂಬುದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡಿರುತ್ತಾರೆ. ನಮ್ಮ ಮಾಸ್ತರರು ಕಾಲ್ಪೆಟಿಯ ಮುಂದೆ ಕೂತು, ತುಳಿಯುತ್ತಲೇ ಒಬ್ಬೊಬ್ಬರನ್ನೂ ಕಣ್ಣಿನಿಂದ ಅಳೆಯುತ್ತಿದ್ದರು. ನನ್ನ ಕಡೆ ತಿರುಗಿ, “ಇವರೆಲ್ಲಾ ಮುಂಜಾನೆ ರಂಟಿ ಹೊಡ್ಯಾಂವ್ರರಿ. ರಾತ್ರಿ ರಾಗ ಹಾಡಬೇಕು. ದನಿ ಹೊಲದಾಗ ಹರವಿರ್ತೈತಿ, ನಾ ಬರೇ ಕೂಡಸ್ತೀನಿ” ಎಂದರು.

ಬಣ್ಣದ ಕೋಣೆಯಲ್ಲಿ ನಾನು ಕಂಡದ್ದನ್ನು ನಿಧಾನವಾಗಿ ಹೇಳಬೇಕು. ಖಳನಾಯಕ ಗೌಡನ ಪಾತ್ರ ಊರಿನ ಹಿಟ್ಟಿನ ಗಿರಣಿಯವರದು. ಮೆತ್ತನ್ನ ಮಾತಿನ ಮನುಷ್ಯ, ಹುಬ್ಬಿನ ಮೇಲೆ ಇನ್ನೂ ಹಿಟ್ಟಿನ ಧೂಳಿತ್ತು. ಅದರ ಮೇಲೆಯೇ ಕಪ್ಪು ತೀಡಿ, ದೊಡ್ಡ ಮೀಸೆ ಅಂಟಿಸಿದಾಗ ಅವರು ಕನ್ನಡಿಯಲ್ಲಿ ತಮ್ಮನ್ನು ತಾವೇ ಸ್ವಲ್ಪ ಹೊತ್ತು ನೋಡಿಕೊಂಡರು. ಬೆನ್ನು ತಾನಾಗಿಯೇ ನೆಟ್ಟಗಾಯಿತು. ಹಾಸ್ಯದ ಹೆಣ್ಣು ಪಾತ್ರ ಊರಿನ ಕರೆಂಟ್ ಲೈನ್‌ಮನ್ನನದು. ವೈನಿಯ ಸೀರೆ ಉಟ್ಟು, ತಲೆಗೆ ಸವರಿ ಕಟ್ಟಿ, ಎರಡೂ ಕೈ ತುಂಬ ಹಸಿರು ಬಳೆ ಏರಿಸುತ್ತಿದ್ದ. ಕಂಬ ಹತ್ತಿ ಒರಟಾದ ಆ ಮುಂಗೈಗೆ ಬಳೆ ಹಾಕಲು ಇಬ್ಬರು ಹುಡುಗಿಯರು ಸಾಬೂನು ಹಚ್ಚಿ ಹೆಣಗುತ್ತಿದ್ದರು. ವೈನಿ ಬಾಗಿಲಲ್ಲಿ ನಿಂತು, “ಸೀರಿ ಹರದಿ ಅಂದ್ರ ನಾಳೆ ನಿನ್ನ ಕಡಿಂದನ ಹೊಲಸ್ತೀನಿ ನೋಡು” ಅಂದರು. ನಾಯಕ ಟ್ರ್ಯಾಕ್ಟರ್ ಓಡಿಸುವ ಹುಡುಗ. ಗೋಡೆಗೆ ಮುಖ ಮಾಡಿ ತನ್ನ ಮಾತುಗಳನ್ನು ಒಂದೇ ಸಮ ಜಪಿಸುತ್ತಿದ್ದ.

ಕತ್ತಲಾದ ಮೇಲೆ ಒಂದು ಕ್ರೂಸರ್ ಬಂದು ನಿಂತು, ಗದಗಿನಿಂದ ಇಬ್ಬರು ಕಲಾವಿದೆಯರು ಇಳಿದರು. ಅವರಲ್ಲಿ ಹಿರಿಯರು ಕಪ್ಪು ಬ್ಯಾಗನ್ನು ಮೂಲೆಗಿಟ್ಟು, ನೀರು ಕುಡಿದು, ನಾಯಕನನ್ನು ಕರೆದರು. ಅವನ ಹೆಸರು ಕೇಳಿದ್ದು ಆಗಲೇ. “ತಮ್ಮಾ, ಪಂಚಮಿ ಸೀನಿನ್ಯಾಗ ನೀ ಯಾವ ಮಗ್ಗಲಿಂದ ಬರ್ತಿ? ಹೆದರಬ್ಯಾಡ. ಮಾತ ಮರತ್ರ ನನ್ನ ಕಣ್ಣಾಗ ನೋಡು, ನಾ ಎತ್ತಿ ಕೊಡ್ತೀನಿ.” ಹತ್ತಾರು ನಾಟಕಗಳ ಹೆಣ್ಣು ಪಾತ್ರಗಳು ಅವರಿಗೆ ಕಂಠಪಾಠ. ಇವತ್ತು ಈ ಊರಿನ ತಂಗಿ, ನಾಳೆ ಇನ್ನೊಂದು ಊರಿನ ಹೆಂಡತಿ, ನಾಡಿದ್ದು ಮತ್ತೊಂದೂರಿನ ತಾಯಿ. ಇಂಥವರಿಲ್ಲದಿದ್ದರೆ ಉತ್ತರ ಕರ್ನಾಟಕದ ಹಳ್ಳಿ ನಾಟಕದ ಪಡದೆ ಮೇಲೇಳುವುದೇ ಇಲ್ಲ. ಆದರೂ ನಮ್ಮ ರಂಗಭೂಮಿಯ ಚರಿತ್ರೆ ಬರೆಯುವವರ ಕಣ್ಣು ಇವರ ಮೇಲೆ ಬಿದ್ದದ್ದು ಸಾಲದು ಎಂದು ನನಗೆ ಖಂಡಿತವಾಗಿ ಅನಿಸುತ್ತದೆ.

ಪಡದೆಗೆ ಪೂಜೆ, ಕಾಯಿ, ಕರ್ಪೂರ. ಹಿರಿಯರ ಭಾಷಣಗಳು, ಒಬ್ಬೊಬ್ಬರಿಗೂ ಹೂಮಾಲೆ. ನಾಂದಿ ಹಾಡು ಏಳುವಾಗ ಅಪರಾತ್ರಿಯ ಹತ್ತಿರ. ಮುಂದೆ ತಟ್ಟಿನ ಮೇಲೆ ಹುಡುಗರ ಹಿಂಡು, ಬಲಕ್ಕೆ ಕೌದಿ ಹೊದ್ದ ಹೆಣ್ಣುಮಕ್ಕಳು, ಎಡಕ್ಕೆ ಗಂಡಸರು. ಎರೆಸೀಮೆಯ ಮನೆಗಳಿಗೆ ಮಣ್ಣಿನ ಮಾಳಿಗೆ ಇರುವುದು ಇಂಥ ರಾತ್ರಿಗಾಗಿಯೇ ಎನ್ನುವಂತೆ ಸುತ್ತಲ ಮಾಳಿಗೆಗಳ ಅಂಚಿನಲ್ಲೆಲ್ಲ ಕಾಲು ಇಳಿಬಿಟ್ಟ ಜನ. ಟ್ರ್ಯಾಕ್ಟರಿನ ಟ್ರೇಲರುಗಳು ಬಾಲ್ಕನಿಗಳಾಗಿದ್ದವು. ಪಕ್ಕದ ಊರುಗಳಿಂದ ಬಂದ ಬೀಗರಿಗೆ ಕುರ್ಚಿ.

ಕತೆ ಸರಳ. ತಂದೆತಾಯಿ ಇಲ್ಲದ ಅಣ್ಣ-ತಂಗಿ. ಹೊಲದ ಮೇಲೆ ಕಣ್ಣಿಟ್ಟ ಗೌಡ. ಸಾಲ, ಸುಳ್ಳು ಕಾಗದ, ಜೈಲು. ನಡುನಡುವೆ ಹಾಸ್ಯದ ಜೋಡಿ. ಇಂಥ ಕತೆಗಳನ್ನು ಪೇಟೆಯಲ್ಲಿ ಕೂತು ಕೇಳಿದರೆ ಮುಂದಿನದು ಗೊತ್ತೇ ಇದೆ ಅನಿಸಬಹುದು. ಇಲ್ಲಿ ಕೂತ ಜನಕ್ಕೂ ಎಲ್ಲ ಗೊತ್ತಿತ್ತು. ಕತೆಯಷ್ಟೇ ಅಲ್ಲ, ಆ ಗೌಡ ಯಾರು, ಅವನ ಗಿರಣಿ ಎಲ್ಲಿದೆ, ಅವನಿಗೆ ಎಷ್ಟು ಮಕ್ಕಳು ಎಂಬುದೂ ಗೊತ್ತಿತ್ತು. ಗೌಡ ಅಣ್ಣನನ್ನು ಕಾಲಿನಿಂದ ಒದ್ದಾಗ ನನ್ನ ಮುಂದೆ ಕೂತಿದ್ದ ಅಜ್ಜಿ, ಅದೇ ಮುಂಜಾನೆ ಅವರ ಗಿರಣಿಗೆ ಜೋಳ ಒಯ್ದು ಬಂದವಳು, ಎದ್ದು ನಿಂತು “ನಿನ್ನ ಕೈ ಸೇದಿ ಹೋಗ್ಲಿ!” ಎಂದು ಶಾಪ ಹಾಕಿದಳು. ಕೂತು ಪಕ್ಕದವಳಿಗೆ ಹೇಳಿದಳು: “ಚಲೋ ಮಾಡ್ತಾನ ಬಿಡವ್ವಾ, ನಮ್ಮ ಗಿರಣ್ಯಾಂವ.” ಎರಡೂ ಮಾತು ಒಂದೇ ಉಸಿರಿನಲ್ಲಿ ಬಂದವು, ಎರಡೂ ನಿಜ. ನಾನು ಇಷ್ಟು ವರ್ಷ ನಾಟಕ ನೋಡಿದವನು, ನಟನನ್ನೂ ಪಾತ್ರವನ್ನೂ ಹೀಗೆ ಏಕಕಾಲಕ್ಕೆ ಪೂರ್ತಿಯಾಗಿ ಕಾಣಬಲ್ಲ ಕಣ್ಣುಗಳನ್ನು ಬೇರೆಲ್ಲೂ ನೋಡಿರಲಿಲ್ಲ.

ಅಣ್ಣ ಕಾಡಿನ ಸೀನಿನಲ್ಲಿ ಒಬ್ಬನೇ ನಿಂತು ಹಾಡುವಾಗ ಗೌಡನ ಬಂಟ ಕುಡಗೋಲು ಹಿಡಿದು ಹಿಂದಿನಿಂದ ಬಂದ. ತಟ್ಟಿನ ಮೇಲಿನ ಹುಡುಗರೆಲ್ಲ ಒಮ್ಮೆಲೇ ಎದ್ದು ಕೂಗಿದರು: “ಹಿಂದ ಬಂದಾನ! ಹಿಂದ ನೋಡೋ ಅಣ್ಣಾ!” ಇದೇ ಕೂಗು ಬೇರೆಡೆಯೂ ಇದೆ. ಕಡಲಾಚೆಯ ಇಂಗ್ಲೆಂಡಿನ ಹಳ್ಳಿಗಳಲ್ಲಿ ಕ್ರಿಸ್‌ಮಸ್, ಹೊಸ ವರ್ಷದ ಚಳಿಯಲ್ಲಿ ಊರ ಜನರೇ ಸೇರಿ ತಮ್ಮ ಸಮುದಾಯ ಭವನದಲ್ಲಿ ‘ಪ್ಯಾಂಟೊಮೈಮ್’ ಎಂಬ ಹಾಡು-ಹಾಸ್ಯದ ಆಟ ಆಡುತ್ತಾರೆ. ಅಲ್ಲೂ ದಪ್ಪ ಗಂಡಸೊಬ್ಬ ಮುದುಕಿಯ ವೇಷ ಹಾಕಲೇಬೇಕು, ಖಳ ಬಂದರೆ ಜನ ಛೀ ಅನ್ನಲೇಬೇಕು, ಅವನು ಹಿಂದೆ ಬಂದು ನಿಂತರೆ ಮಕ್ಕಳು ನಾಯಕನಿಗೆ ಕೂಗಿ ಹೇಳಲೇಬೇಕು. ಊರ ಪಂಚಾಯಿತಿಯವರ ಮೇಲೆ, ಮಾಸ್ತರರ ಮೇಲೆ ಚಟಾಕಿ ಹಾರಿಸುವುದೂ ಇದ್ದೇ ಇದೆ. ಅವರು ಅದನ್ನು ಇಟಲಿಯ ಹಳೆಯ ಬೀದಿ ಹಾಸ್ಯದಿಂದ ಪಡೆದವರು, ನಮ್ಮವರು ಬಯಲಾಟದಿಂದ ಪಡೆದವರು. ಇಬ್ಬರ ನಡುವೆ ಕೊಡುಕೊಳ್ಳುವಿಕೆಯ ಎಳೆ ಯಾವುದೂ ನನಗೆ ಕಾಣುವುದಿಲ್ಲ. ಆದರೂ ತುಪ್ಪರಿಹಳ್ಳದ ಸೀಮೆಯ ಮಕ್ಕಳೂ ಅಲ್ಲಿಯ ಮಕ್ಕಳೂ ಅದೇ ಮಾತನ್ನೇ ಕೂಗುತ್ತಾರೆ!

ಲೈನ್‌ಮನ್ ಸೆರಗು ಬೀಸುತ್ತ ಬಂದಾಗಲಂತೂ ಬಯಲು ಎದ್ದು ಕುಣಿಯಿತು. ಮಾಳಿಗೆಯ ಮೇಲಿಂದ ಯಾರೋ ಕೇಳಿದರು: “ಯಕ್ಕಾ, ಹೊಲಕ್ಕ ತ್ರೀ ಫೇಜ್ ಯಾವಾಗ ಬಿಡ್ತೀ?” ನಾಟಕದ ಪುಸ್ತಕದಲ್ಲಿ ಇಲ್ಲದ ಪ್ರಶ್ನೆ. ಅವನು ತಡವರಿಸದೆ ಸೊಂಟದ ಮೇಲೆ ಕೈಯಿಟ್ಟು, “ನನ್ನ ಸೀರಿ ಇಸ್ತ್ರಿ ಆಗೂತನಕ ತಡಕೊಳ್ಳೋ ನನ ಮೈದುನಾ!” ಎಂದ. ನಗು ಇಳಿಯಲು ಬಹಳ ಹೊತ್ತು ಬೇಕಾಯಿತು. ಈ ಜಾಣತನದ ಬೇರು ಹಳೆಯದು. ಅಪರಾಳ ತಮ್ಮಣ್ಣ ಬರೆದು, ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಬೆಳೆಸಿದ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತನೂ ದೂತಿಯೂ ನಿಂತ ನಿಲುವಿನಲ್ಲಿ ಕಟ್ಟುವ ಮಾತು ಇದೇ ಬಗೆಯದು. ದೇವರ ಕತೆ ನಡುವೆ ನಿಲ್ಲುತ್ತದೆ, ಊರಿನ ಕತೆ ನುಗ್ಗುತ್ತದೆ, ಮತ್ತೆ ದೇವರ ಕತೆ ಮುಂದುವರಿಯುತ್ತದೆ. ಆ ಪಾರಿಜಾತದಲ್ಲಿಯೇ ಕೌಜಲಗಿ ನಿಂಗಮ್ಮನಂಥ ಹೆಣ್ಣುಮಗಳು ನೂರು ವರ್ಷದ ಹಿಂದೆ ರಂಗಕ್ಕೆ ಬಂದು ಸೀಮೆಗೆಲ್ಲ ಹೆಸರಾದಳು. ಬೈಲಹೊಂಗಲದ ಸಣ್ಣಾಟ ‘ಸಂಗ್ಯಾ ಬಾಳ್ಯಾ’ ದೇವರನ್ನೂ ಬಿಟ್ಟು ನೆರೆಮನೆಯವರನ್ನೇ ಕತೆ ಮಾಡಿತು. ಸಣ್ಣಾಟದ ಆ ಧೈರ್ಯ ಇಲ್ಲದಿದ್ದರೆ ಇವತ್ತಿನ ಗೌಡ-ಬಡವರ ನಾಟಕ ಹುಟ್ಟುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ನಾಟಕ ಆಗಾಗ ನಿಲ್ಲುತ್ತಿತ್ತು. ಆಯೇರಿ, ಅಂದರೆ ಉಡುಗೊರೆ. ಅಣ್ಣ ಅಳುತ್ತ ನಿಂತಿರುವಾಗಲೇ ಮೈಕಿನಲ್ಲಿ, ಅವನ ಸೋದರಮಾವನಿಂದ ಒಂದು ಟಾವೆಲ್ಲು ಮತ್ತು ನೂರಾ ಒಂದು ರೂಪಾಯಿ ಎಂದು ಕೂಗುತ್ತಾರೆ. ಮಾವ ಬಂದು ಟಾವೆಲ್ಲು ಹೊದಿಸುತ್ತಾನೆ, ಅಳಿಯ ಕಾಲು ಮುಟ್ಟುತ್ತಾನೆ, ಮಾವ ಇಳಿದೊಡನೆ ಅಳು ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಪೇಟೆಯ ರಂಗಮಂದಿರಕ್ಕೆ ಒಗ್ಗಿದವರಿಗೆ ಇದು ರಸಭಂಗ. ನನಗೆ ಆ ರಾತ್ರಿ ಹಾಗೆ ಅನಿಸಲಿಲ್ಲ. ಇಲ್ಲಿ ನಟನಿಗೆ ಸಿಗುವ ಕೂಲಿ ಇದೊಂದೇ. ಇದು ಅವನ ಬಳಗ ಎಲ್ಲರೆದುರು ಅವನನ್ನು ನಮ್ಮವನು ಎನ್ನುವ ಗಳಿಗೆ.

ಪಂಚಮಿಯ ಸೀನು ಬಂದದ್ದು ಮೂರನೇ ಜಾವದಲ್ಲಿ. ನಾಗರಪಂಚಮಿಗೆ ತಂಗಿ ತವರಿಗೆ ಬಂದಿದ್ದಾಳೆ. ಮನೆಯಲ್ಲಿ ಉಂಡಿಗೆ ಎಳ್ಳಿಲ್ಲ, ಅವಳಿಗೆ ಉಡಿಸಲು ಸೀರೆಯಿಲ್ಲ. ಅಣ್ಣ ಆ ಮಾತು ಹೇಳಬೇಕು. ಟ್ರ್ಯಾಕ್ಟರ್ ಹುಡುಗ ಬಾಯಿ ತೆರೆದ, ಮಾತು ಬರಲಿಲ್ಲ. ಅವನ ಕಣ್ಣು ಆ ಹಿರಿಯ ಕಲಾವಿದೆಯ ಕಣ್ಣಿಗೆ ಹೋದದ್ದನ್ನು ನಾನು ಕಂಡೆ. ಗದಗಿನ ಆ ತಾಯಿ ಅಳುತ್ತಲೇ ಹತ್ತಿರ ಬಂದು ಅವನ ಗದ್ದ ಹಿಡಿದು, “ಯಾಕಣ್ಣಾ, ಸಾವಕಾರ ಅಂಗಡಿಗೆ ಹೋಗಿದ್ದೆ, ಉದ್ರಿ ಕೊಡಲಿಲ್ಲ ಅಂತ ನನ್ನ ಮುಂದ ಹೇಳಾಕ ನಾಚತೀಯೇನು?” ಎಂದರು. ಮರೆತ ಮಾತನ್ನೇ ತಂಗಿಯ ದುಃಖವಾಗಿ ಮಾಡಿ ಅವನ ಕೈಗಿಟ್ಟರು. ಅವನು ಅದನ್ನು ಹಿಡಿದುಕೊಂಡು ಮುಂದೆ ಹೋದ, ಇನ್ನೂ ಚೆನ್ನಾಗಿ ಅತ್ತ. ಬಯಲಿನಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ನನ್ನ ಮೈಮೇಲೆ ಮುಳ್ಳೆದ್ದವು. ಇದಕ್ಕಿಂತ ದೊಡ್ಡ ನಟನೆಯನ್ನು ನಾನು ಯಾವ ರಾಜಧಾನಿಯಲ್ಲೂ ಕಂಡಿಲ್ಲ.

ಆಗ ಆ ಶಾಪ ಹಾಕಿದ ಅಜ್ಜಿ ಎದ್ದಳು. ಮೊಮ್ಮಗಳ ಹೆಗಲು ಹಿಡಿದು ರಂಗದ ಮೆಟ್ಟಿಲು ಹತ್ತಿದಳು. ಮೈಕಿನವನು ಹೆಸರು ಕೂಗಲು ಕೇಳಿದರೆ ಬೇಡವೆಂದು ಕೈಯಾಡಿಸಿದಳು. ಸೆರಗಿನ ಮರೆಯಿಂದ ಒಂದು ಗುಳೇದಗುಡ್ಡದ ಖಣ ತೆಗೆದು, ಅಕ್ಕಿ, ಅಡಕೆ, ಎಲೆಯ ಜೊತೆ ಆ ಕಲಾವಿದೆಯ ಉಡಿ ತುಂಬಿದಳು. ತವರಿನಲ್ಲಿ ಸಿಗದ ಬಟ್ಟೆ ತಂಗಿಗೆ ಸಿಕ್ಕಿತು. ಮನೆಯಿಂದ ಹೊರಡುವಾಗಲೇ ಅದನ್ನು ಕಟ್ಟಿಕೊಂಡು ಬಂದಿದ್ದಳೆಂದರೆ, ಮುಂದೆ ಏನು ಬರುವುದೆಂದು ಅವಳಿಗೆ ಗೊತ್ತಿತ್ತು. ಕಲಾವಿದೆ ಬಗ್ಗಿ ಕಾಲು ಮುಟ್ಟಿದಾಗ ನಮಸ್ಕರಿಸಿದ್ದು ಪಾತ್ರವೋ ಪಾತ್ರಧಾರಿಯೋ, ಅಜ್ಜಿ ಹರಸಿದ್ದು ಯಾರನ್ನೋ, ನನಗೆ ಬೇರ್ಪಡಿಸಲು ಆಗಲಿಲ್ಲ.

ಈ ನೆಲದ ಸಂಗೀತವೂ ನಾಟಕವೂ ಬಂದದ್ದು ಇಂಥ ರಾತ್ರಿಗಳಿಂದಲೇ. 1843ರಲ್ಲಿ ಸಾಂಗಲಿಯ ವಿಷ್ಣುದಾಸ ಭಾವೆ ಮರಾಠಿಯ ಮೊದಲ ನಾಟಕ ಆಡಿಸಿದ್ದು ಕರ್ನಾಟಕದಿಂದ ಹೋದ ಆಟದ ಮೇಳದ ಪ್ರೇರಣೆಯಿಂದ. ಆ ಮರಾಠಿ ಕಂಪನಿಗಳು ತಿರುಗಿ ಇತ್ತ ಬಂದು ನಮ್ಮ ಊರುಗಳನ್ನು ತುಂಬಿದಾಗ, 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡದ ನಾಟಕ ಮಂಡಳಿ ಕಟ್ಟಿದವರು ಶಾಂತಕವಿಗಳು, ಸಕ್ಕರಿ ಬಾಳಾಚಾರ್ಯರು. ವೃತ್ತಿಯಿಂದ ಶಾಲೆಯ ಮಾಸ್ತರರು. ಧಾರವಾಡದ ಮಗ್ಗುಲಿನ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಹಿಂದೂಸ್ತಾನಿ ಗಾಯನದ ಶಿಖರ ಏರುವ ಮೊದಲು ನಾಟಕ ಕಂಪನಿಯ ಬಾಲನಟ. ಕುಂದಗೋಳದ ರಾಮಭಾವು ಹೆಣ್ಣು ಪಾತ್ರ ಕಟ್ಟಿ ಹಾಡಿ ಸವಾಯಿ ಗಂಧರ್ವರಾದರು. ಇದೇ ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು ಹುಡುಗನಾಗಿ ಹೆಣ್ಣುವೇಷ ತೊಟ್ಟು, ಮುಂದೆ ಕಲಾವೈಭವ ನಾಟ್ಯ ಸಂಘ ಕಟ್ಟಿ, ಬಸವೇಶ್ವರನ ಪಾತ್ರವಾಗಿ ಊರೂರಿನ ಎದೆಯಲ್ಲಿ ಕೂತು, 2017ರಲ್ಲಿ ಶತಾಯುಷಿಯಾಗಿ ತೀರಿಕೊಂಡರು. ಧಾರವಾಡದ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಶ್ರೀರಂಗರು ಹವ್ಯಾಸಿ ರಂಗಭೂಮಿಯನ್ನೇ ತಮ್ಮ ಬಾಳಿನ ಕಾಯಕ ಮಾಡಿಕೊಂಡರು. ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟದಿಂದ ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಹೊರಬಂತು. ಆ ಅಟ್ಟಕ್ಕೂ ಈ ಹಲಗೆಯ ಕಟ್ಟೆಗೂ ಬಸ್ಸಿನಲ್ಲಿ ಒಂದು ತಾಸಿನ ದಾರಿಯೂ ಇಲ್ಲ. ಅಟ್ಟದ ಚರಿತ್ರೆ ಪುಸ್ತಕಗಳಲ್ಲಿ ಭದ್ರವಾಗಿದೆ. ಈ ಕಟ್ಟೆಯ ಚರಿತ್ರೆ ಇರುವುದು ಆ ಹಳದಿ ಕಾಗದಗಳಲ್ಲಿ, ಮಳೆ ಬಿದ್ದರೆ ಅವು ಗೋಡೆಯಿಂದ ತೊಳೆದು ಹೋಗುತ್ತವೆ. ಯಾರಾದರೂ ಅವನ್ನು ಕೂಡಿಡಬೇಕು. ಪೇಟಿ ಮಾಸ್ತರರ ಟಿಪ್ಪಣಿ ಪುಸ್ತಕಗಳನ್ನೂ, ಗದಗಿನ ತಾಯಿಯ ಬಾಯಲ್ಲಿರುವ ಅಷ್ಟೂ ನಾಟಕಗಳನ್ನೂ.

ಗೌಡ ಜೈಲಿಗೆ ಹೋಗಿ, ಹೊಲ ಅಣ್ಣನ ಕೈಗೆ ಬಂದು, ಮಂಗಳ ಹಾಡುವ ಹೊತ್ತಿಗೆ ಮೂಡಲು ಕೆಂಪಾಗಿತ್ತು. ಪಾತ್ರಧಾರಿಗಳು ಬಣ್ಣ ತೊಳೆಯುವ ಮೊದಲೇ ಭವನದೊಳಗೆ ಗದ್ದಲ ಎದ್ದಿತ್ತು. ಮುಂದಿನ ವರ್ಷದ ನಾಟಕ ಯಾವುದು? ಹುಡುಗರಿಗೆ ಮತ್ತೆ ಸಾಮಾಜಿಕವೇ ಬೇಕು. ಹಿರಿಯರಿಗೆ ಪೌರಾಣಿಕ, ಅದೂ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’. ಗಿರಣಿಯವರು ಅರ್ಧ ಮೀಸೆ ಕಿತ್ತು, ಅರ್ಧ ಹಾಗೇ ಬಿಟ್ಟು, ಅಶ್ವತ್ಥಾಮ ತಮ್ಮದೇ ಎಂದು ಕೂತರು. “ಆ ಮಾತು ನಿನ್ನ ಬಾಯಾಗ ಹಿಡಸ್ತಾವೇನೋ? ಪುಟಗಟ್ಟಲೆ ಅದಾವು!” ಎಂದು ಹಿರಿಯರೊಬ್ಬರು ಗದರಿದರು. “ಹಿಡಸ್ತಾವು ಕಾಕಾ, ಗಿರಣಿ ಸಪ್ಪಳದಾಗ ಒದರಿ ಒದರಿ ರೂಢಿ ಆಗೈತಿ” ಎಂದರು ಅವರು. ದ್ರೌಪದಿಗೆ ಅದೇ ಗದಗಿನ ಅಕ್ಕಾರೇ ಆಗಬೇಕು ಎಂದು ಟ್ರ್ಯಾಕ್ಟರ್ ಹುಡುಗ ಹಟ ಹಿಡಿದ. ಪೇಟಿ ಮಾಸ್ತರರು ಕಾಲ್ಪೆಟಿಯನ್ನು ಮಡಚುತ್ತ, ಪೌರಾಣಿಕವಾದರೆ ಮೂರು ತಿಂಗಳ ತಾಲೀಮು, ಒಂದು ರಾತ್ರಿ ತಪ್ಪಿಸಿದರೂ ಪಾತ್ರ ಬೇರೆಯವರಿಗೆ ಎಂದು ಷರತ್ತು ಹಾಕಿದರು. ಕ್ರೂಸರಿನವನು ಹಾರ್ನ್ ಬಾರಿಸಿದ. ಅಕ್ಕಾರು ಬ್ಯಾಗೆತ್ತಿಕೊಂಡು ಬಾಗಿಲ ಬಳಿ ನಿಂತು, “ದೀಪಾವಳಿಗಿಂತ ಮೊದಲ ಫೋನ್ ಮಾಡ್ರಿ, ಆಮ್ಯಾಲ ತಾರೀಕು ಸಿಗೂದಿಲ್ಲ” ಎಂದರು.